ಒಬ್ಬ ಕಾಲಾಳಿನ ವೃತ್ತಾಂತ

ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಕಲ್ಲುಕುಟಿಗನಾದ ಯಾಕೋಬ್ ವಾಲ್ಟರನು ನೆಪೋಲಿಯನ್ನನ ದಂಡಿನೊಡನೆ 1812ರಲ್ಲಿ ರಷ್ಯಾದೇಶಕ್ಕೆ ನಡೆದುಹೋದವನು. ಬದುಕಿ ಮನೆಗೆ ಮರಳಿದ ಮೇಲೆ ಅವನು ಬರೆದಿಟ್ಟ ವೃತ್ತಾಂತವು ಅಮೆರಿಕೆಯ ಕಾನ್ಸಾಸ್ ಪ್ರಾಂತದಲ್ಲಿ ವಂಶಜರ ಬಳಿ ಉಳಿದು 1938ರಲ್ಲಿ ಅಚ್ಚಾಯಿತು. 1991ರ ಇಂಗ್ಲಿಷ್ ಮುದ್ರಣಕ್ಕೆ ದಿನಚರಿಯೆಂಬ ಹೆಸರಿದೆ. ನೆನಪಿನಿಂದ ಬರೆದುದಕ್ಕೆ ಅದು ಒಪ್ಪುವ ಹೆಸರಲ್ಲ.

ರಣವರ್ಣನೆಯನ್ನು ಬಯಸುವ ವಾಚಕರಿಗೆ ಇಲ್ಲಿ ನಿರಾಶೆಯೇ ಸರಿ. ಈ ಗ್ರಂಥದಲ್ಲಿ ಹಸಿವೇ ನಾಯಕ. ಜವುಗುನೆಲವನ್ನು ತೋಡಿ, ಕೆಂಪಡರಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದುದು, ಹಿಟ್ಟಿನುಂಡೆಗಳನ್ನು ಬೆಂಕಿಯಲ್ಲಿ ಸುಟ್ಟು ತಿಂದುದು, ಹಳ್ಳಿಗರು ಹುಗಿದಿಟ್ಟ ಆಹಾರವನ್ನು ಹುಡುಕಿ ತೆಗೆದುದು, ಇವೆಲ್ಲವನ್ನೂ ಒಂದೇ ಸಮನಾದ ದನಿಯಲ್ಲಿ ಹೇಳುತ್ತಾನೆ. ಮನೆಯವರ ಕೈಗೆ ಸೇರುವ ಬರಹದಲ್ಲಿಯೂ ತನ್ನ ಲೂಟಿಯನ್ನು ಮುಚ್ಚಿಡಲಿಲ್ಲ. ಈ ನಿಷ್ಕಾಪಟ್ಯವು ಮೆಚ್ಚತಕ್ಕುದೇ.

ಆದರೆ 1806–07ರ ದಂಡಯಾತ್ರೆಯ ಭಾಗವು ಮನಸ್ಸನ್ನು ಚುಚ್ಚುತ್ತದೆ. ಅಲ್ಲಿ ಊರವರ ಅನ್ನವನ್ನು ಕಸಿದುದು ಹರೆಯದ ವಿನೋದದಂತೆ ಬರುತ್ತದೆ. ಮುಂದೆ ತಾನೇ ತುತ್ತಿಗೆ ಅಲೆದಾಗಲೂ ಆ ಮನೆಗಳು ಅವನಿಗೆ ನೆನಪಾಗುವುದಿಲ್ಲ. ಎರಡನ್ನೂ ಜೋಡಿಸಿ ನೋಡುವ ಭಾರವೆಲ್ಲ ಓದುವವರ ಮೇಲೆಯೇ ಬೀಳುತ್ತದೆ. ಗ್ರಂಥದ ದೊಡ್ಡ ಕೊರತೆ ಇದು.

ಹಿಮ್ಮೆಟ್ಟುವಾಗ ಬೆರೆಜಿನಾ ನದಿಯ ಬಳಿ ಚಕ್ರವರ್ತಿಯನ್ನು ಕಂಡ ಪ್ರಸಂಗವೇ ಎಲ್ಲಕ್ಕಿಂತ ಮೇಲಾದುದು. ಜರ್ಝರಿತವಾದ ಸೈನ್ಯವು ಸಾಗುತ್ತಿರಲು ಆತನು ನಿರ್ವಿಕಾರನಂತೆ ನಿಂತು ನೋಡುತ್ತಿದ್ದನಂತೆ. ಸೈನಿಕರು ಹಾಕಿದ ಶಾಪಗಳನ್ನು ವಾಲ್ಟರನು ತಿಳಿಸುತ್ತಾನೆ. ಆತನ ಹೃದಯದಲ್ಲಿ ಏನಿತ್ತೆಂದು ಮಾತ್ರ ತಾನು ಬಲ್ಲವನಂತೆ ಬರೆಯುವುದಿಲ್ಲ.