ಹೊಳಪು ಮತ್ತು ಹರಿವು: ಅವಕೆಂಪು ಪ್ರತಿದೀಪ್ತಿ ಚಿತ್ರಣವನ್ನು ಕುರಿತು ಒಂದು ವಿಮರ್ಶೆ

ರಕ್ತನಾಳಗಳನ್ನೂ ಅವುಗಳಲ್ಲಿನ ರಕ್ತಸಂಚಾರವನ್ನೂ ಬೆಳಕಿನ ಸಹಾಯದಿಂದ ಕಾಣುವ ವಿಧಾನಗಳಲ್ಲಿ ಅವಕೆಂಪು ಪ್ರತಿದೀಪ್ತಿ ಚಿತ್ರಣಕ್ಕೆ ಇಂದು ವಿಶೇಷ ಮನ್ನಣೆ ದೊರೆತಿದೆ. ಅದು ಅನರ್ಹವಾದ ಮನ್ನಣೆಯಲ್ಲ. ಆದರೆ ಈ ಚಿತ್ರಗಳನ್ನು ಓದುವ ಕ್ರಮದಲ್ಲಿ ಒಂದು ಸಡಿಲತೆ ಸೇರಿಕೊಂಡಿದೆ. ಹೊಳೆಯುವುದೆಲ್ಲವನ್ನೂ ಹರಿಯುವ ರಕ್ತವೆಂದೇ ಭಾವಿಸಲಾಗುತ್ತಿದೆ. ಪ್ರಕೃತ ಲೇಖನದ ಆಕ್ಷೇಪ ಇದೊಂದನ್ನು ಕುರಿತದ್ದು.

ತತ್ತ್ವವು ಸರಳ. ಕಣ್ಣಿಗೆ ಕಾಣುವ ಬೆಳಕನ್ನು ಹಿಮೊಗ್ಲೋಬಿನ್ ಬಹುಮಟ್ಟಿಗೆ ಹೀರಿಬಿಡುತ್ತದೆ. ಸುಮಾರು 700ರಿಂದ 900 ನ್ಯಾನೊಮೀಟರ್ ತರಂಗಾಂತರದ ಬೆಳಕಾದರೋ ಅಂಗಾಂಶಗಳಲ್ಲಿ ಹೆಚ್ಚು ಆಳಕ್ಕೆ ಇಳಿಯಬಲ್ಲುದು. ಇಂಡೋಸಯನೀನ್ ಗ್ರೀನ್ ಎಂಬ ವರ್ಣದ್ರವ್ಯವನ್ನು ಅಭಿಧಮನಿಯೊಳಕ್ಕೆ ಚುಚ್ಚಿ 800 ನ್ಯಾನೊಮೀಟರಿಗೆ ಸಮೀಪದ ಬೆಳಕನ್ನು ಬೀರಿದರೆ, ಅದು 830ರ ಸುಮಾರಿನಲ್ಲಿ ಮರಳಿ ಬೆಳಗುತ್ತದೆ. 1950ರ ದಶಕದಲ್ಲಿ ಕೊಡಾಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಿದ್ಧವಾದ ಈ ದ್ರವ್ಯವು ಮೊದಲು ಬಳಕೆಗೆ ಬಂದುದು ಚಿತ್ರಕ್ಕಾಗಿ ಅಲ್ಲ. ಹೃದಯವು ನಿಮಿಷಕ್ಕೆಷ್ಟು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು, ರಕ್ತದಲ್ಲಿ ದ್ರವ್ಯದ ಸಾಂದ್ರತೆ ಏರಿ ಇಳಿಯುವ ರೇಖೆಯಿಂದ ಗಣಿಸುತ್ತಿದ್ದರು. ಎಂದರೆ ಅಲ್ಲಿ ಗಡಿಯಾರವಿಲ್ಲದೆ ಹರಿವಿನ ಮಾತೇ ಇರಲಿಲ್ಲ. ಚಿತ್ರವು ಬಂದ ಮೇಲೆ ಕಾಲವು ಹಿಂದೆ ಸರಿಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹೊಂಗ್‌ಜೀ ದಾಯ್ ಅವರ ತಂಡವು ಈ ಕಾಲವನ್ನು ಮರಳಿ ತಂದಿತೆಂಬುದೇ ಅದರ ಹಿರಿಮೆ. 1,000 ನ್ಯಾನೊಮೀಟರಿಗಿಂತ ದೀರ್ಘವಾದ ತರಂಗಗಳಲ್ಲಿ ಬೆಳಗುವ ಇಂಗಾಲದ ನ್ಯಾನೊ ನಳಿಕೆಗಳನ್ನು ಬಳಸಿದ್ದರಿಂದ ಬೆಳಕಿನ ಚದರುವಿಕೆ ತಗ್ಗಿ ಚಿತ್ರವು ಸ್ಫುಟವಾಯಿತು. 2012ರಲ್ಲಿ ಇಲಿಯ ತೊಡೆಯ ಅಪಧಮನಿಯಲ್ಲಿ ರಕ್ತದ ವೇಗವನ್ನು ಅಳೆದರು. 2014ರಲ್ಲಿ ತಲೆಬುರುಡೆಯನ್ನು ತೆರೆಯದೆಯೇ ಮಿದುಳಿನ ನಾಳಗಳನ್ನು 2 ಮಿಲಿಮೀಟರಿಗೂ ಮೀರಿದ ಆಳದಲ್ಲಿ, ಸೆಕೆಂಡಿಗೆ ಸುಮಾರು 5 ಚಿತ್ರಗಳಂತೆ ತೋರಿಸಿದರು. ಆದರೂ ಇಲಿಯ ಬುರುಡೆ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ, ಮನುಷ್ಯನದು ಹಲವು ಮಿಲಿಮೀಟರ್. ಈ ಅಂತರವನ್ನು ಮರೆತು ಹೊಗಳುವವರು ಬಹಳ ಮಂದಿ. ಇಂಡೋಸಯನೀನ್ ಗ್ರೀನ್ ಕೂಡ 1,000 ನ್ಯಾನೊಮೀಟರಿನಾಚೆಗೆ ಸ್ವಲ್ಪ ಬೆಳಗುತ್ತದೆಂದು 2018ರಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ದ್ರವ್ಯವೇ ಇದಾದುದರಿಂದ, ನನ್ನ ದೃಷ್ಟಿಯಲ್ಲಿ ನಳಿಕೆಗಳಿಗಿಂತ ಇದೇ ಹೆಚ್ಚು ಪ್ರಯೋಜನದ ಶೋಧನೆ.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ಕರುಳಿನ ರೋಗಗ್ರಸ್ತ ಭಾಗವನ್ನು ತೆಗೆದು ಎರಡು ತುದಿಗಳನ್ನು ಜೋಡಿಸುವಾಗ, ಹೊಳೆಯುವ ಭಾಗವನ್ನು ಜೀವವುಳ್ಳದ್ದೆಂದು ಎಣಿಸಿ ಎಲ್ಲಿ ಕತ್ತರಿಸಬೇಕೆಂಬುದನ್ನು ವೈದ್ಯರು ನಿಶ್ಚಯಿಸುತ್ತಾರೆ. ಇಲ್ಲಿ ತಪ್ಪಿದರೆ ಜೋಡಣೆ ಸೋರುತ್ತದೆ. ರೋಗಿಯ ಪ್ರಾಣಕ್ಕೇ ಸಂಚಕಾರ ಒದಗಬಹುದು. ಹೊಳಪಾದರೋ ಕ್ಯಾಮರದ ದೂರವನ್ನೂ ಕೋನವನ್ನೂ ಮೇಲಿನ ಕೊಬ್ಬಿನ ಪದರವನ್ನೂ ಅವಲಂಬಿಸಿದೆ. ದ್ರವ್ಯ ಹೆಚ್ಚಿದಷ್ಟೂ ಬೆಳಕು ಹೆಚ್ಚುವುದೆಂಬುದೂ ಸಲ್ಲದು, ಸಾಂದ್ರತೆ ಒಂದು ಮಿತಿಯನ್ನು ದಾಟಿದರೆ ಪ್ರತಿದೀಪ್ತಿ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೇರವಾಗಿ ರಕ್ತ ಬಾರದ ಭಾಗಕ್ಕೂ ನೆರೆಯ ಲೋಮನಾಳಗಳಿಂದ ದ್ರವ್ಯವು ಮೆಲ್ಲನೆ ಹರಡಿಕೊಳ್ಳುತ್ತದೆ. ಇಪ್ಪತ್ತನೆಯ ಸೆಕೆಂಡಿನಲ್ಲಿ ಕತ್ತಲಾಗಿದ್ದುದು ಕೆಲವು ನಿಮಿಷಗಳ ಬಳಿಕ ಬೆಳಗಿದರೆ, ಅದನ್ನು ಆರೋಗ್ಯದ ಲಕ್ಷಣವೆನ್ನಲಾಗದು.

ಗುದನಾಳದ ಶಸ್ತ್ರಚಿಕಿತ್ಸೆಯನ್ನು ಕುರಿತ ಎರಡು ಪರೀಕ್ಷೆಗಳನ್ನು ನೋಡಬಹುದು. ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪಿಲ್ಲರ್-3 ಪರೀಕ್ಷೆಯಲ್ಲಿ ಸೋರಿಕೆಯ ಪ್ರಮಾಣ ಚಿತ್ರಣದೊಡನೆ ಶೇಕಡ 9.0, ಅದಿಲ್ಲದೆ 9.6, ಲೆಕ್ಕಕ್ಕೆ ಬಾರದ ಭೇದ. ಆದರೆ ನಿರೀಕ್ಷಿಸಿದಷ್ಟು ರೋಗಿಗಳು ಇದಕ್ಕೆ ದೊರೆತಿರಲಿಲ್ಲ. ಜಪಾನಿನಿಂದ 2023ರಲ್ಲಿ ಪ್ರಕಟವಾದ ಎಸೆನ್ಷಿಯಲ್ ಪರೀಕ್ಷೆಯಲ್ಲಿ ಅವೇ ಪ್ರಮಾಣಗಳು 7.6 ಮತ್ತು 11.8. ಈ ವಿರೋಧಕ್ಕೆ ಕಾರಣಗಳು ಹಲವಿರಬಹುದು. ಹೊಳಪನ್ನು ಕಣ್ಣಂದಾಜಿಗೆ ಬಿಟ್ಟಿರುವವರೆಗೆ ಅವುಗಳನ್ನು ಬೇರ್ಪಡಿಸುವುದು ಮಾತ್ರ ಕಷ್ಟ. ಚುಚ್ಚಿದ ದ್ರವ್ಯದ ಪ್ರಮಾಣ, ಕ್ಯಾಮರದ ದೂರ, ಚುಚ್ಚಿದ ಎಷ್ಟನೆಯ ಸೆಕೆಂಡಿನ ಚಿತ್ರವಿದು ಎಂಬ ಮೂರನ್ನಾದರೂ ಪ್ರಬಂಧಕಾರರು ಪ್ರತಿಯೊಂದು ಚಿತ್ರದ ಕೆಳಗೂ ನಮೂದಿಸುವುದು ಅವಶ್ಯ.