ಬಯಲಿನ ಅಗ್ನಿಪಾತ್ರೆಯೂ ತುಕ್ಕಿನ ಸ್ತುತಿಯೂ

ತುಕ್ಕನ್ನು ದೋಷವೆಂದೆಣಿಸದೆ ಅಲಂಕಾರವೆಂದು ಮೆಚ್ಚುವ ರುಚಿಯೊಂದು ಈಚೆಗೆ ಬಳಕೆಗೆ ಬಂದಿದೆ. ಚಳಿ ಕಾಯಿಸಿಕೊಳ್ಳಲೆಂದು ಅಂಗಳದಲ್ಲಿರಿಸುವ ಉಕ್ಕಿನ ಅಗ್ನಿಪಾತ್ರೆಗಳು ಮಳೆಗೆ ನೆನೆದು ಬಿಸಿಲಿಗೊಣಗಿ ಕಾವಿಬಣ್ಣಕ್ಕೆ ತಿರುಗಿದಷ್ಟೂ ಅವುಗಳ ಆಯುಷ್ಯವೂ ಶೋಭೆಯೂ ವರ್ಧಿಸುವುವೆಂದು ಅದರ ಪಕ್ಷಪಾತಿಗಳು ವಾದಿಸುತ್ತಾರೆ.

ವಾದ ನಿರಾಧಾರವಲ್ಲ. ತಾಮ್ರ, ಕ್ರೋಮಿಯಂ, ರಂಜಕಗಳನ್ನು ಅಲ್ಪಪ್ರಮಾಣದಲ್ಲಿ ಬೆರೆಸಿ ಅಮೆರಿಕದಲ್ಲಿ 1933ರಲ್ಲಿ ಹೊರತಂದ ಕಾರ್ಟೆನ್ ಉಕ್ಕು ತನ್ನ ತುಕ್ಕನ್ನೇ ಬಿಗಿಯಾದ ಹೊದಿಕೆಯನ್ನಾಗಿ ಮಾಡಿಕೊಳ್ಳುವುದು ನಿಜ. ಮೆಹರೌಲಿಯ ಕಬ್ಬಿಣದ ಸ್ತಂಭ ಶತಮಾನಗಳನ್ನು ಸಹಿಸಿ ನಿಂತದ್ದರಲ್ಲಿಯೂ ರಂಜಕದ ಪಾತ್ರವುಂಟು. ಆದರೆ ಆ ಸ್ತಂಭದ ಬುಡದಲ್ಲಿ ಸಂಜೆ ಸಂಜೆಗೆ ಸೌದೆ ಉರಿಸಿದವರಿಲ್ಲ. ಉಕ್ಕು ಸುಮಾರು 570 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಅದರ ಮೈಮೇಲೆ ಆಕ್ಸೈಡಿನ ಪೊರೆ ಬೇಗ ದಪ್ಪವಾಗುತ್ತದೆ. ಆರಿದಾಗ ಪೊರೆಯೂ ಲೋಹವೂ ಒಂದೇ ಪ್ರಮಾಣದಲ್ಲಿ ಸಂಕೋಚಗೊಳ್ಳದ ಕಾರಣ ಅದು ಹಕ್ಕಳೆಹಕ್ಕಳೆಯಾಗಿ ಉದುರಿ, ಹೊಸ ಲೋಹವನ್ನು ಮತ್ತೆ ಗಾಳಿಗೊಡ್ಡುತ್ತದೆ. ರಕ್ಷಣೆಯ ಹೊದಿಕೆ ಹದಗೊಳ್ಳಲು ಬೇಕಾದ ವಿರಾಮ ಅಲ್ಲಿ ದೊರೆಯುವುದೇ ಇಲ್ಲ. ಇನ್ನು ತಳದಲ್ಲಿ ಉಳಿದ ಬೂದಿಯೋ, ತನ್ನಲ್ಲಿರುವ ಕ್ಷಾರಲವಣಗಳ ದೆಸೆಯಿಂದ ತೇವವನ್ನು ಎಳೆದಿಟ್ಟುಕೊಂಡು, ಮೇಲ್ಭಾಗ ಒಣಗಿದ ಮೇಲೂ ತಳವನ್ನು ಹಸಿಯಾಗಿಯೇ ಇರಿಸುತ್ತದೆ. ಹೊರಮೈ ಕಣ್ಣಿಗೆ ಚೆಲುವಾಗಿದ್ದಾಗಲೇ ತಳ ತೂತುಬಿದ್ದಿರಬಹುದು.

ಇದಕ್ಕೆ ಪ್ರತಿಯಾಗಿ ಚಿಕ್ಕೋಡಿ ಸೀಮೆಯ, ದೂಧಗಂಗಾ ವೇದಗಂಗೆಯರ ದಡದ ಕಬ್ಬಿನ ನಾಡಿನ ಬೆಲ್ಲದ ಗಾಣಗಳನ್ನು ನೋಡಬೇಕು. ಅಲ್ಲಿ ಉರಿಯನ್ನು ನೆಲದೊಳಗಿನ ಮಣ್ಣಿನ ಒಲೆಗೂ ರಸವನ್ನು ಕಬ್ಬಿಣದ ಕೊಪ್ಪರಿಗೆಗೂ ಒಪ್ಪಿಸಿದ್ದಾರೆ. ಕಬ್ಬಿನ ಸಿಪ್ಪೆಯ ಜ್ವಾಲೆ ಕೊಪ್ಪರಿಗೆಯ ತಳವನ್ನು ನೆಕ್ಕುತ್ತಿದ್ದರೂ ಒಳಗೆ ಕುದಿಯುವ ರಸ, ಪಾಕ ಬರುವ ಹೊತ್ತಿಗೂ ಸುಮಾರು 118 ಡಿಗ್ರಿಯನ್ನೇ ಮುಟ್ಟುವುದರಿಂದ, ಲೋಹ ಕೆಂಪಗೆ ಕಾಯುವ ಪ್ರಮೇಯವೇ ಬರುವುದಿಲ್ಲ. ಬೂದಿಯೂ ಒಲೆಯಲ್ಲಿ ಬೀಳುತ್ತದೆಯೇ ಹೊರತು ಕೊಪ್ಪರಿಗೆಯಲ್ಲಲ್ಲ. ಈ ಕಾರ್ಯವಿಭಾಗವನ್ನು ಯಾವ ಶಿಲ್ಪಶಾಸ್ತ್ರವೂ ವಿಧಿಸಿದ್ದಲ್ಲ, ನಷ್ಟದ ಭಯ ಕಲಿಸಿರಬೇಕು. ಅಂಗಳದ ಅಗ್ನಿಪಾತ್ರೆಯಾದರೋ ಉರಿ, ಬೂದಿ, ಮಳೆ ಮೂರನ್ನೂ ಒಂದೇ ತಗಡಿನ ಮೇಲೆ ಹೇರುತ್ತದೆ. ಅದರ ದೋಷ ಲೋಹದ್ದಲ್ಲ, ರಚನೆಯದು.

ಮನೆಯ ಶೆಗಡಿ ಕೂಡ ಕಬ್ಬಿಣದ್ದೇ. ಆದರೆ ಕೆಲಸ ಮುಗಿದೊಡನೆ ಬೂದಿ ಚೆಲ್ಲಿ ಅದನ್ನು ಸೂರಿನಡಿಗೆ ಎತ್ತಿಡಬಹುದು. ಎತ್ತಲಾಗದ ದೊಡ್ಡ ಪಾತ್ರೆಯನ್ನೇ ಬಯಸುವವರು ದಪ್ಪ ತಗಡನ್ನು ಆರಿಸಿ, ತಳದಲ್ಲಿ ನೀರಿಳಿಯಲು ರಂಧ್ರವಿರಿಸಿ, ಒಳಗೆ ಇಟ್ಟಿಗೆಯ ಅಸ್ತರು ಕಟ್ಟಿ, ಮೃಗಶಿರಾ ಮಳೆ ಹಿಡಿಯುವ ಮೊದಲೇ ಬೂದಿ ತೆಗೆದು ಮುಚ್ಚಿಡಲಿ. ಹಾಗೆ ಮಾಡಿದ ಮೇಲೆ ಹೊರಮೈಯ ಕಾವಿಯನ್ನು ಅವರು ಮನಸಾರೆ ಹೊಗಳಿಕೊಂಡರೂ ನನ್ನ ಆಕ್ಷೇಪವಿಲ್ಲ.