ಅಂಗೈಯ ಗ್ರಂಥವೂ ರೋಗಿಯ ಹಾಸಿಗೆಯೂ

ವಿದ್ಯೆಗಳಲ್ಲಿ ಕೆಲವು ಗ್ರಂಥದಿಂದ ಬರುತ್ತವೆ, ಕೆಲವು ಕೈಯಿಂದ ಬರುತ್ತವೆ. ವೈದ್ಯವಿದ್ಯೆ ಈ ಎರಡರ ಸಂಗಮದಲ್ಲಿ ನಿಂತಿದೆ. ಶರೀರದ ರಚನೆಯನ್ನೂ ಔಷಧಗಳ ಗುಣದೋಷಗಳನ್ನೂ ಪುಸ್ತಕದಿಂದ ಅರಿಯಬಹುದು. ಆದರೆ ನಾಡಿ ಹಿಡಿಯುವುದನ್ನು, ಹೊಟ್ಟೆಯ ಮೇಲೆ ಕೈಯಿಟ್ಟು ನೋವಿನ ಮೂಲವನ್ನು ಅರಸುವುದನ್ನು, ರೋಗಿ ಹೇಳಿದ ಮಾತಿನಲ್ಲಿ ಹೇಳದೆ ಉಳಿದುದನ್ನು ಗ್ರಹಿಸುವುದನ್ನು ರೋಗಿಯ ಸನ್ನಿಧಿಯಲ್ಲಿಯೇ ಕಲಿಯಬೇಕು. ಆದಕಾರಣವೇ ವೈದ್ಯ ಹಾಗೂ ಶುಶ್ರೂಷಾ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡುಗಳಿಗೂ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ಕಳುಹಿಸುವ ಪದ್ಧತಿ ಬೆಳೆದುಬಂದಿದೆ. ಈ ಕಲಿಕೆಯ ಮಧ್ಯದಲ್ಲಿ ಈಗ ಮೊಬೈಲು ಫೋನು ಬಂದು ಸೇರಿದೆ. ಅದು ಉಪಕಾರಿಯೋ ಅಪಕಾರಿಯೋ ಎಂಬುದನ್ನು ಪಕ್ಷಪಾತವಿಲ್ಲದೆ ಪರಿಶೀಲಿಸುವುದು ಅವಶ್ಯವಾಗಿದೆ.

ಇದು ದೂರದ ಪಟ್ಟಣಗಳ ಪ್ರಶ್ನೆಯಲ್ಲ. ೨೦೨೨ರಲ್ಲಿ ಹಾವೇರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ದೇಶದ ವೈದ್ಯಕೀಯ ಪಠ್ಯಕ್ರಮದಲ್ಲಿ ೨೦೨೧-೨೨ನೆಯ ಸಾಲಿನಿಂದ ಕುಟುಂಬ ದತ್ತು ಕಾರ್ಯಕ್ರಮ ಸೇರಿರುವುದರಿಂದ ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳ ಆರೋಗ್ಯವನ್ನು ಗಮನಿಸತಕ್ಕದ್ದು. ವರದಾ ನದಿಯ ದಂಡೆಯ ಕರ್ಜಗಿಯಂಥ ಊರಿನ ಕಟ್ಟೆಗೆ ನಾಳೆ ಬಂದು ಕೂಡ್ರುವ ತರುಣ ವೈದ್ಯನ ಕೈಯಲ್ಲಿ ಪುಸ್ತಕವಿರಲಿಕ್ಕಿಲ್ಲ, ಫೋನು ಇದ್ದೇ ಇರುತ್ತದೆ. ವಾಚಕರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಈ ವಿದ್ಯೆಯಲ್ಲಿ ತೊಡಗಿದ್ದಾರೆ. ಇನ್ನುಳಿದವರು ಎಂದಾದರೊಂದು ದಿನ ಅವರ ಮುಂದೆ ರೋಗಿಗಳಾಗಿ ಕೂಡ್ರುವವರೇ.

ಈ ಪ್ರಯೋಗಕ್ಕೆ ಪರದೇಶದಲ್ಲಿ ಮೊದಲೇ ನಾಂದಿಯಾಗಿತ್ತು. ಇಂಗ್ಲೆಂಡಿನ ಲೀಡ್ಸ್ ಮತ್ತು ನೆರೆಯ ವಿಶ್ವವಿದ್ಯಾಲಯಗಳು ಕೂಡಿ ೨೦೦೫ರಿಂದ ೨೦೧೦ರವರೆಗೆ ವೈದ್ಯ, ಶುಶ್ರೂಷೆ ಮುಂತಾದ ಅನೇಕ ವೃತ್ತಿಗಳ ವಿದ್ಯಾರ್ಥಿಗಳಿಗೆ ಅಂಗೈ ಯಂತ್ರಗಳನ್ನು ಕೊಟ್ಟು, ಆಸ್ಪತ್ರೆಯಲ್ಲಿ ಕಲಿತದ್ದನ್ನು ಅಲ್ಲಿಯೇ ದಾಖಲಿಸುವ, ಹಿರಿಯರಿಂದ ಅಲ್ಲಿಯೇ ಪರೀಕ್ಷೆಗೊಳಪಡುವ ವ್ಯವಸ್ಥೆ ಮಾಡಿದವು. ೨೦೧೦ರಲ್ಲಿ ಲೀಡ್ಸ್ ವೈದ್ಯಕೀಯ ಶಾಲೆ ಕೊನೆಯ ಎರಡು ವರ್ಷಗಳ ಐದುನೂರಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಐಫೋನು ಕೊಟ್ಟಿತು. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ೨೦೦೩ರಲ್ಲಿ ಹೆಲಿನೆಟ್ ಎಂಬ ಗಣಕ ಗ್ರಂಥಭಂಡಾರವನ್ನು ಸ್ಥಾಪಿಸಿತು. ಯಂತ್ರವನ್ನಾದರೋ ಈಗ ಯಾರೂ ಕೊಡಬೇಕಾಗಿಲ್ಲ. ಅದು ಪ್ರತಿ ವಿದ್ಯಾರ್ಥಿಯ ಕಿಸೆಯಲ್ಲಿದೆ. ಕೊಡಬೇಕಾದುದು ಅದನ್ನು ಬಳಸುವ ವಿವೇಕ ಮಾತ್ರ.

ಹೊಸ ಉಪಕರಣವೆಂದ ಮಾತ್ರಕ್ಕೆ ತಿರಸ್ಕರಿಸುವುದು ಸಲ್ಲದು. ೧೮೧೬ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯ ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಆಲಿಸಿದ; ಅದೇ ಸ್ಟೆತಾಸ್ಕೋಪಿನ ಉಗಮ. ವೈದ್ಯನ ಕಿವಿಗೂ ರೋಗಿಯ ಎದೆಗೂ ನಡುವೆ ಆ ಉಪಕರಣ ಬಂದು ನಿಂತಿತು, ನಿಜ. ಆದರೆ ಅದು ಕಿವಿಯನ್ನು ಎದೆಯಿಂದ ದೂರ ಮಾಡಲಿಲ್ಲ, ಮತ್ತಷ್ಟು ಒಳಕ್ಕೆ ಒಯ್ದಿತು. ಮೊಬೈಲನ್ನೂ ಈ ಒರೆಗಲ್ಲಿಗೇ ಹಚ್ಚಿ ನೋಡಬೇಕು. ಅದು ವಿದ್ಯಾರ್ಥಿಯ ಲಕ್ಷ್ಯವನ್ನು ರೋಗಿಯ ಕಡೆಗೆ ಮರಳಿಸುತ್ತದೆಯೋ, ಅಥವಾ ರೋಗಿಯಿಂದ ಕಸಿದುಕೊಳ್ಳುತ್ತದೆಯೋ? ಗುಣದೋಷಗಳ ನಿರ್ಣಯವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ನಮ್ಮ ಹೊಲಗಳಿಗೆ ಹತ್ತಿರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಾವು ಕಚ್ಚಿದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರಕಾರ ೨೦೨೪ರಲ್ಲಿ ಆದೇಶಿಸಿತು. ಹಾವು ಕಚ್ಚಿದವನು ಬಂದಾಗ ಮಾಡುವ ಒಂದು ಸುಲಭ ಪರೀಕ್ಷೆಯಿದೆ: ಸ್ವಚ್ಛವಾದ ಒಣ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದುಕೊಂಡು, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಬಳಿಕ ಬಾಗಿಸಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆಯೆಂದು ತಿಳಿಯಬೇಕು. ಈ ಕ್ರಮವನ್ನು ಮರೆತ ವಿದ್ಯಾರ್ಥಿಗೆ ಫೋನು ಕ್ಷಣದಲ್ಲಿ ನೆನಪಿಸುತ್ತದೆ, ಇಪ್ಪತ್ತು ನಿಮಿಷಗಳನ್ನು ಎಣಿಸುತ್ತದೆ, ಔಷಧದ ಪ್ರಮಾಣವನ್ನು ತೋರಿಸುತ್ತದೆ. ಹಿರಿಯರು ದೂರದಲ್ಲಿರುವ ಹಳ್ಳಿಯ ಕೇಂದ್ರದಲ್ಲಿ ಇದು ಸಾಮಾನ್ಯ ಉಪಕಾರವಲ್ಲ.

ಆದರೆ ಕಚ್ಚಿದ್ದು ಕಟ್ಟುಹಾವಾಗಿದ್ದರೆ? ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯದ ಗುರುತು ಅನೇಕ ವೇಳೆ ಕಾಣುವುದೇ ಇಲ್ಲ. ಹಾವು ಎಂಬ ಮಾತೇ ರೋಗಿಯ ಬಾಯಲ್ಲಿ ಬರುವುದಿಲ್ಲ. ಮುಂಜಾವದಲ್ಲಿ ಬಂದವನು ಹೊಟ್ಟಿ ನೋಯತೈತಿ ಎನ್ನುತ್ತಾನೆ, ಕಣ್ಣು ತೆರಿಯಾಕ ಆಗವಲ್ದು ಎನ್ನುತ್ತಾನೆ. ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುತ್ತದೆಯೇ ಹೊರತು ರಕ್ತವನ್ನು ಕೆಡಿಸುವುದಿಲ್ಲವಾದ ಕಾರಣ ಮೇಲಿನ ಪರೀಕ್ಷೆಯಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ತೆರೆಯನ್ನೇ ನೋಡುತ್ತ, ಹೊಟ್ಟೆನೋವು ಎಂಬ ಒಂದು ಶಬ್ದವನ್ನು ಒತ್ತಿ, ಬಂದ ಉತ್ತರದಂತೆ ಮಾತ್ರೆ ಬರೆದುಕೊಟ್ಟರೆ ರೋಗಿ ಮನೆಗೆ ಮರಳಿ ಉಸಿರು ನಿಂತು ಸಾಯಬಹುದು. ತಲೆಯೆತ್ತಿ ಮುಖ ನೋಡಿದವನಿಗೆ ಮಾತ್ರ ಜೋತುಬಿದ್ದ ರೆಪ್ಪೆ ಕಾಣುತ್ತದೆ; ರಾತ್ರಿ ಎಲ್ಲಿ ಮಲಗಿದ್ದಿ ಎಂದು ಕೇಳುವ ಬುದ್ಧಿ ಅವನಿಗೆ ಮಾತ್ರ ಹೊಳೆಯುತ್ತದೆ. ರೆಪ್ಪೆ ಕಂಡ ಮೇಲೆ ಅದೇ ಫೋನು ಪುನಃ ಉಪಯುಕ್ತವಾಗುತ್ತದೆ. ನೋಟ ಮೊದಲು, ಗ್ರಂಥ ಅನಂತರ. ಈ ಕ್ರಮ ತಿರುಗಿದರೆ ಗ್ರಂಥವೇ ಅನರ್ಥಕ್ಕೆ ಕಾರಣವಾದೀತು.

ಭಾಷೆಯ ತೊಡಕೂ ಇದರೊಳಗೇ ಇದೆ. ವಿದ್ಯಾರ್ಥಿಗಳು ಬಳಸುವ ವೈದ್ಯಕೀಯ ಸಾಧನಗಳು ಬಹುತೇಕ ಇಂಗ್ಲಿಷಿನಲ್ಲಿವೆ. ನಮ್ಮ ಸೀಮೆಯ ಹೆಣ್ಣುಮಗಳು ಮೈಯಾಗ ಕಸುವಿಲ್ಲ, ಎದಿ ಹಿಡದಂಗ ಆಗೇತಿ ಎನ್ನುತ್ತಾಳೆ. ಆ ಮಾತಿನ ಅರ್ಥವನ್ನು ಅವಳನ್ನೇ ಮತ್ತೆ ಮತ್ತೆ ಕೇಳಿ ತಿಳಿಯಬೇಕು. ೨೦೧೯ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಯ ಪರಿಚಯಕ್ಕೂ ರೋಗಿಯೊಡನೆ ಮಾತನಾಡುವ ರೀತಿಗೂ ಸ್ಥಾನ ದೊರೆತಿರುವುದು ಸ್ತುತ್ಯವಾಗಿದೆ.

ಇನ್ನು ಅಪಚಾರದ ಮಾತು. ೨೦೨೪ರ ಫೆಬ್ರವರಿಯಲ್ಲಿ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಆಸ್ಪತ್ರೆಯೊಳಗೆ ಹಾಡಿಗೆ ಕುಣಿದು ಅದನ್ನು ಫೋನಿನಲ್ಲಿ ಚಿತ್ರಿಸಿ ಹರಡಿದ್ದಕ್ಕಾಗಿ ಮೂವತ್ತೆಂಟು ಜನರ ಮೇಲೆ ಶಿಸ್ತಿನ ಕ್ರಮವಾಯಿತು. ತಾರುಣ್ಯದ ಚಾಪಲ್ಯವೆಂದು ಕೆಲವರು ನಕ್ಕರು. ಆದರೆ ನೋವಿನಿಂದ ಬಂದವನಿಗೆ ಆಸ್ಪತ್ರೆ ರಂಗಮಂಟಪವಲ್ಲ. ಕಲಿಕೆಗಾಗಿಯೇ ಆಗಲಿ, ಗಾಯದ ಚಿತ್ರವನ್ನು ರೋಗಿಯ ಒಪ್ಪಿಗೆಯಿಲ್ಲದೆ ತೆಗೆದು ಗೆಳೆಯರ ಗುಂಪಿಗೆ ಕಳಿಸುವುದು ಅಷ್ಟೇ ದೋಷಯುಕ್ತ. ಬಡವನು ಸರಕಾರಿ ಆಸ್ಪತ್ರೆಗೆ ತನ್ನ ದೇಹವನ್ನು ಒಪ್ಪಿಸುತ್ತಾನೆಯೇ ಹೊರತು ತನ್ನ ಮಾನವನ್ನಲ್ಲ.

ಯಂತ್ರದ ಮಿತಿಯನ್ನು ತಿಳಿಯಲು ನಮ್ಮ ನೆರೆಯ ಜಿಲ್ಲೆಗಳ ಒಂದು ಅನುಭವವೂ ಸಹಾಯಕ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಮೊಬೈಲು ಸಾಧನ ಕೊಟ್ಟು, ಗರ್ಭಿಣಿಯರ ರಕ್ತದೊತ್ತಡದ ಅಪಾಯವನ್ನು ಮನೆಯಲ್ಲಿಯೇ ಗುರುತಿಸುವ ಪ್ರಯೋಗ ನಡೆಯಿತು. ಅದು ವಿದ್ಯಾರ್ಥಿಗಳ ಮೇಲಿನ ಪ್ರಯೋಗವಲ್ಲವಾದರೂ ಪಾಠ ಸಮಾನವೇ. ಪಾಕಿಸ್ತಾನ, ಮೊಜಾಂಬಿಕ್ ದೇಶಗಳ ಫಲಿತಾಂಶದೊಡನೆ ೨೦೨೦ರಲ್ಲಿ ಪ್ರಕಟವಾದ ವರದಿಯಂತೆ, ಒಟ್ಟಾರೆ ತಾಯಿ ಶಿಶುಗಳ ಸಾವುನೋವು ಇಳಿಯಲಿಲ್ಲ. ಆದರೆ ಕಾರ್ಯಕರ್ತೆಯರು ಎಂಟು ಬಾರಿಯಾಗಲಿ ಅದಕ್ಕಿಂತ ಹೆಚ್ಚಾಗಲಿ ಭೇಟಿಯಾದ ತಾಯಂದಿರಲ್ಲಿ, ಒಮ್ಮೆಯೂ ಭೇಟಿಯಾಗದವರಿಗಿಂತ, ಸತ್ತು ಹುಟ್ಟುವ ಕೂಸುಗಳು ಕಡಿಮೆಯಿದ್ದವು. ಇದರಿಂದಲೇ ಎಲ್ಲವನ್ನೂ ಸಿದ್ಧಾಂತವೆನ್ನಲಾಗದು. ಆದರೂ ಯಂತ್ರ ಕೈಯಲ್ಲಿದ್ದರೆ ಸಾಲದು, ಕಾಲು ಮನೆಯ ಹೊಸ್ತಿಲಿಗೆ ಮತ್ತೆ ಮತ್ತೆ ಹೋಗಬೇಕೆಂಬ ಸೂಚನೆ ಅದರಲ್ಲಿದೆ.

ಹೀಗಿರುವಲ್ಲಿ ಫೋನನ್ನು ವಾರ್ಡಿನಿಂದ ಹೊರಗಟ್ಟುವುದೂ ಸರಿಯಲ್ಲ, ಅದಕ್ಕೆ ಗುರುಪೀಠ ಕೊಡುವುದೂ ಸರಿಯಲ್ಲ. ರೋಗಿಯ ಮಾತು ಮುಗಿಯುವವರೆಗೆ ಅದು ಕಿಸೆಯಲ್ಲಿರಲಿ. ಹೊರತೆಗೆಯುವಾಗ ನಿಮ್ಮ ಔಷಧದ ಪ್ರಮಾಣವನ್ನು ನೋಡುತ್ತಿದ್ದೇನೆ ಎಂದು ರೋಗಿಗೆ ತಿಳಿಸಲಿ. ಆಗ ಅವನಿಗೆ ಅಪಮಾನವೆನಿಸುವುದಿಲ್ಲ. ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಹೋಗುವಾಗ ಕೈಯಂತೆ ಫೋನೂ ಶುಚಿಯಾಗಲಿ. ವಿದ್ಯಾರ್ಥಿ ಕಲಿತನೆಂಬ ಸಹಿಯನ್ನು ಅವನ ಕೈಕೆಲಸವನ್ನು ಕಣ್ಣಾರೆ ಕಂಡ ಹಿರಿಯರೇ ಹಾಕಲಿ. ಬೋಧಕರ ಕೊರತೆಯನ್ನು ಫೋನಿನಿಂದ ತುಂಬಿದೆವೆಂದು ಯಾವ ಸಂಸ್ಥೆಯೂ ಸಮಾಧಾನಪಟ್ಟುಕೊಳ್ಳದಿರಲಿ.

ದೀಪ ಇರುವುದು ದೀಪವನ್ನೇ ನೋಡುವುದಕ್ಕಲ್ಲ, ಅದರ ಬೆಳಕಿನಲ್ಲಿ ಎದುರಿನವರ ಮುಖ ನೋಡುವುದಕ್ಕೆ. ಅಂಗೈಯ ಈ ದೀಪ ನಮ್ಮ ತರುಣ ವೈದ್ಯರಿಗೂ ದಾದಿಯರಿಗೂ ರೋಗಿಯ ಮುಖವನ್ನು ತೋರಿಸಿದರೆ ಅದು ನಿಜವಾದ ವಿದ್ಯಾಸಾಧನವಾದೀತು.